ಹಾಲುಹಲ್ಲಿಗೆ ಎಷ್ಟು ಬೆಲೆ?



ಹೋದ ತಿಂಗಳು ಒಂದು ಶನಿವಾರದ ಬೆಳಿಗ್ಗೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇನ್ನೂ ಇಳಿಯುತ್ತಿತ್ತು. ಇವರು ಹಾಲು ತರಲು ಹೋಗಿದ್ದರು. ಅಷ್ಟರಲ್ಲಿ ಅಮೆರಿಕದಿಂದ ತಂಗಿಯ ಫೋನು ಬಂತು. ಅವಳಿರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿ ಆಗ ಶುಕ್ರವಾರದ ರಾತ್ರಿ. ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ ಅವಳು ಫೋನು ಮಾಡುವವಳೇ ಅಲ್ಲ. ನನ್ನ ಎದೆ ಧಸಕ್ಕೆಂದಿತು.

“ಏನಾಯ್ತೇ?” ಅಂದೆ.

“ಏನೂ ಇಲ್ಲ ಅಕ್ಕಾ. ಪುಟ್ಟನ ಹಲ್ಲು ಬಿತ್ತು” ಅಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಗಂಟಲು ಕಟ್ಟಿತು.

ಏಳು ವರ್ಷದ ಹುಡುಗನ ಹಾಲುಹಲ್ಲು ಬಿದ್ದರೆ ತಾಯಿ ಅಳುವುದುಂಟೇ? ನಿಧಾನವಾಗಿ ಕೇಳಿದಾಗ ವಿಷಯ ಹೊರಬಂತು. ಅದನ್ನು ಹೇಳುವ ಮೊದಲು ಅಲ್ಲಿಯ ಪದ್ಧತಿ ಏನೆಂದು ನಿಮಗೆ ಹೇಳಬೇಕು.

ನಮ್ಮ ಕಡೆ ಮಕ್ಕಳ ಹಲ್ಲು ಬಿದ್ದರೆ ಸಗಣಿ ಉಂಡೆಯೊಳಗಿಟ್ಟು ಹಂಚಿನ ಮೇಲೆ ಎಸೆಯುತ್ತಿದ್ದೆವಲ್ಲವೇ? ಅಮೆರಿಕದಲ್ಲಿ ಹಾಗಲ್ಲ. ಬಿದ್ದ ಹಲ್ಲನ್ನು ಮಗು ರಾತ್ರಿ ದಿಂಬಿನಡಿ ಇಟ್ಟು ಮಲಗಬೇಕು. ರಾತ್ರಿ ‘ಟೂತ್ ಫೇರಿ’, ಅಂದರೆ ಹಲ್ಲಿನ ಕಿನ್ನರಿ ಬಂದು, ಹಲ್ಲನ್ನು ಒಯ್ದು ಅದರ ಜಾಗದಲ್ಲಿ ದುಡ್ಡು ಇಟ್ಟು ಹೋಗುತ್ತಾಳಂತೆ. ಕಿನ್ನರಿ ಯಾರೆಂದು ನಿಮಗೆ ಬೇರೆ ಹೇಳಬೇಕೇ? ಮಗುವಿಗೆ ನಿದ್ದೆ ಹತ್ತಿದ ಮೇಲೆ ಬೆಕ್ಕಿನ ಹೆಜ್ಜೆ ಇಟ್ಟು ಹೋಗುವ ಅಪ್ಪನೋ ಅಮ್ಮನೋ!

ನನ್ನ ತಂಗಿಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಏಳು. ಮಗಳ ಕಾಲದಿಂದಲೂ ಅವರ ಮನೆಯಲ್ಲಿ ಹಲ್ಲಿಗೆ ಎರಡು ಡಾಲರು. ಮಗನಿಗೂ ಅದನ್ನೇ ಇಟ್ಟಳು. ಅವನು ಖುಷಿಯಿಂದಲೇ ಶಾಲೆಗೆ ಹೋದ. ಅಲ್ಲಿ ಅದೇ ವಾರ ಹಲ್ಲು ಬಿದ್ದ ಇನ್ನೊಬ್ಬ ಹುಡುಗ ತನಗೆ ಇಪ್ಪತ್ತು ಡಾಲರು ಸಿಕ್ಕಿತೆಂದು ಎಲ್ಲರೆದುರು ಹೇಳಿದನಂತೆ. ನಮ್ಮ ಹುಡುಗ ಮನೆಗೆ ಬಂದವನು ಊಟ ಮಾಡಲಿಲ್ಲ. ಮಲಗುವ ಹೊತ್ತಿಗೆ ಮೆಲ್ಲಗೆ ಕೇಳಿದನಂತೆ: “ಅಮ್ಮಾ, ನನ್ನ ಹಲ್ಲು ಚೆನ್ನಾಗಿರಲಿಲ್ವಾ? ನಾನು ಸರಿಯಾಗಿ ಉಜ್ಜಿರಲಿಲ್ಲ ಅಂತ ಅವಳಿಗೆ ಗೊತ್ತಾಯ್ತಾ?”

“ದುಡ್ಡು ಕಡಿಮೆ ಅಂತ ಅತ್ತಿದ್ರೆ ನಾಲ್ಕು ಬೈದು ಮಲಗಿಸ್ತಿದ್ದೆ ಅಕ್ಕಾ. ಅವನು ತಾನೇ ಕೆಟ್ಟವನು ಅಂದ್ಕೊಂಡಿದಾನೆ” ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಇಪ್ಪತ್ತು ಇಡಬೇಕಾಗಿತ್ತೇನೇ?” ಅಂದಳು. ಅವಳ ಗಂಡನ ಕೆಲಸ ಹೋಗಿ ನಾಲ್ಕು ತಿಂಗಳಾಗಿದೆ. ತರಕಾರಿಯನ್ನೂ ಲೆಕ್ಕ ಹಾಕಿ ತರುತ್ತಿದ್ದಾಳೆ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಅರ್ಥವಾಯಿತು.

ನೀವೇ ಲೆಕ್ಕ ಹಾಕಿ ನೋಡಿ. ಮಗುವಿಗೆ ಹಾಲುಹಲ್ಲು ಒಟ್ಟು 20. ಒಂದೊಂದಕ್ಕೆ ಇಪ್ಪತ್ತು ಡಾಲರಾದರೆ ನಾನೂರು ಡಾಲರು! ಎರಡರಂತಾದರೆ ನಲವತ್ತು. ಅಲ್ಲಿಯ ಎಲ್ಲರೂ ಹೀಗೆ ಇಪ್ಪತ್ತು ಕೊಡುತ್ತಾರೆಂದೂ ಅಲ್ಲ. ಡೆಲ್ಟಾ ಡೆಂಟಲ್ ಎಂಬ ದಂತವಿಮೆಯ ಸಂಸ್ಥೆಯೊಂದು 1998ರಿಂದ ಇದನ್ನೇ ತಂದೆತಾಯಿಯರಲ್ಲಿ ವಿಚಾರಿಸಿ ಲೆಕ್ಕ ಇಡುತ್ತಿದೆ. ಆ ವರ್ಷ ಒಂದು ಹಲ್ಲಿಗೆ ಸರಾಸರಿ 1 ಡಾಲರ್ 30 ಸೆಂಟ್. 2023ರಲ್ಲಿ ಅದು 6 ಡಾಲರ್ 23 ಸೆಂಟಿಗೆ ಏರಿತ್ತು. 2025ರಲ್ಲಿ 5 ಡಾಲರ್ 1 ಸೆಂಟಿಗೆ ಇಳಿಯಿತು. ನಮ್ಮ ದುಡ್ಡಿನಲ್ಲಿ ಅದೇ ನಾನೂರು ರೂಪಾಯಿಗೂ ಮೇಲಾಯಿತು. ಚಿನ್ನದ ಹಾಗೆ ಹಲ್ಲಿಗೂ ಧಾರಣೆ ಏರಿಳಿಯುತ್ತದಲ್ಲ ಎಂದು ನನಗೆ ನಗು ಬಂತು.

ಇದು ಶುರುವಾದದ್ದು ಹೇಗೆಂದು ತಂಗಿಯ ಮಗಳು ಹುಡುಕಿ ನನಗೆ ಓದಿ ಹೇಳಿದಳು. 1908ರ ಸೆಪ್ಟೆಂಬರಿನಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಗೃಹಿಣಿಯರ ಸಲಹೆಯ ಅಂಕಣವೊಂದರಲ್ಲಿ ಹಲ್ಲಿನ ಕಿನ್ನರಿಯ ಮಾತು ಬಂದಿದೆಯಂತೆ. ಅಲ್ಲಾಡುವ ಹಲ್ಲನ್ನು ಕೀಳಿಸಿಕೊಳ್ಳಲು ಹಟ ಮಾಡುವ ಮಗುವಿಗೆ ಈ ಕಿನ್ನರಿಯ ಆಸೆ ತೋರಿಸಿ, ಐದು ಸೆಂಟಿನ ಅಂಗಡಿಯಲ್ಲಿ ಒಂದಿಷ್ಟು ಸಣ್ಣಪುಟ್ಟ ಸಾಮಾನು ತಂದಿಟ್ಟುಕೊಳ್ಳಿ ಎಂದು ತಾಯಂದಿರಿಗೆ ಹೇಳಿದ್ದಾರೆ. ನೋಡಿದಿರಾ, ನಮ್ಮ ಈ ಪುಟದಂಥ ಒಂದು ಪುಟದಲ್ಲೇ ಬಂದ ಮಾತು! ಮಗುವಿನ ಹೆದರಿಕೆ ಹೋಗಲಿ ಎಂದು ಇಡುತ್ತಿದ್ದ ಐದು ಸೆಂಟಿನ ಸಾಮಾನು, ಇವತ್ತು ಇನ್ನೊಂದು ಮಗುವಿಗೆ ಹೊಸ ಹೆದರಿಕೆ ತಂದಿಟ್ಟಿದೆ.

ಬೇರೆ ದೇಶಗಳ ಸುದ್ದಿಯೂ ಸ್ವಾರಸ್ಯವಾಗಿದೆ. ಸ್ಪೇನ್ ದೇಶದಲ್ಲಿ ಕಿನ್ನರಿ ಇಲ್ಲ, ಪೆರೆಸ್ ಎಂಬ ಇಲಿ ಬರುತ್ತದೆ. ಎಂಟು ವರ್ಷದ ಬಾಲರಾಜ ಹದಿಮೂರನೆಯ ಅಲ್ಫಾನ್ಸೋನ ಹಲ್ಲು ಬಿದ್ದಾಗ ಲೂಯಿಸ್ ಕೊಲೋಮಾ ಎಂಬ ಪಾದ್ರಿ ಈ ಇಲಿಯ ಕಥೆ ಬರೆದುಕೊಟ್ಟರಂತೆ. ಫ್ರಾನ್ಸಿನಲ್ಲೂ ಇಲಿಯೇ. ಇಲಿಯ ಮುಂದಿನ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಅಂಥ ಗಟ್ಟಿ ಹಲ್ಲು ಮಗುವಿಗೂ ಬರಲಿ ಎಂಬ ಆಸೆ ಇರಬೇಕು. ಜಪಾನಿನಲ್ಲಿ ಕೆಳಗಿನ ಹಲ್ಲು ಬಿದ್ದರೆ ಮಾಡಿನ ಮೇಲೆ ಎಸೆಯುತ್ತಾರೆ, ಮೇಲಿನದು ಬಿದ್ದರೆ ನೆಲದಡಿಗೆ. ಹೊಸ ಹಲ್ಲು ಆ ದಿಕ್ಕಿಗೇ ನೆಟ್ಟಗೆ ಬೆಳೆಯಲಿ ಎಂದು.

ತಂಗಿಯ ಮಾತು ಕೇಳುತ್ತಿದ್ದಂತೆ ನನಗೆ ನಮ್ಮ ಹಳೆಯ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. 1986ನೆಯ ಇಸವಿ. ನನಗೆ ಏಳು ವರ್ಷ, ಅವಳಿಗೆ ಐದು. ಸುಟ್ಟ ಮುಸುಕಿನ ಜೋಳ ಕಚ್ಚುವಾಗ ನನ್ನ ಹಲ್ಲು ತೆನೆಯಲ್ಲೇ ಉಳಿಯಿತು. ರಕ್ತ ನೋಡಿ ನಾನು ಊರು ಒಂದಾಗುವ ಹಾಗೆ ಅತ್ತೆ. ಅಜ್ಜಿ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆಸಿದರು. ಆದರೂ ಅಳು ನಿಲ್ಲಲಿಲ್ಲ. ಎಲೆಅಡಿಕೆ ಸಂಚಿ ಬಿಚ್ಚಿ ನನ್ನ ಕೈಗೆ ನಾಲ್ಕಾಣೆ ಇಟ್ಟರು. ಥಟ್ಟನೆ ಅಳು ನಿಂತಿತು!

ಆ ನಾಲ್ಕಾಣೆಯನ್ನು ನಾನು ಕೂಡಲೇ ಖರ್ಚು ಮಾಡಲಿಲ್ಲ. ಮೂರು ದಿನ ಲಂಗದ ತುದಿಗೆ ಗಂಟು ಹಾಕಿಕೊಂಡು ಓಡಾಡಿದೆ. ತಂಗಿಯ ಮುಂದೆ ಗಂಟು ಬಿಚ್ಚಿ ತೋರಿಸುವುದು, “ನಿಂಗೆ ಹಲ್ಲು ಬಿದ್ದಿಲ್ಲ, ನಿಂಗಿಲ್ಲ” ಅನ್ನುವುದು, ಮತ್ತೆ ಗಂಟು ಹಾಕುವುದು. ನಾಲ್ಕನೆಯ ದಿನ ಮಧ್ಯಾಹ್ನ ಹಿತ್ತಲಿನಿಂದ ಚೀರಿದ ಸದ್ದು. ಓಡಿ ಹೋಗಿ ನೋಡಿದರೆ ತಂಗಿ ತನ್ನ ಮುಂದಿನ ಹಲ್ಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಎಳೆದುಕೊಂಡಿದ್ದಾಳೆ! ಅಲ್ಲಾಡದೆ ಇದ್ದ ಗಟ್ಟಿ ಹಲ್ಲು, ಎಲ್ಲಿಂದ ಬರಬೇಕು? ಒಸಡು ಹರಿದು ಅಂಗಿಯೆಲ್ಲ ರಕ್ತ. ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಓಡಿದರು. ಒಂದು ವಾರ ಅವಳು ಗಂಜಿ ಬಿಟ್ಟು ಬೇರೇನೂ ತಿನ್ನಲಿಲ್ಲ.

ಅಮ್ಮ ಅಜ್ಜಿಗೆ ಏನೂ ಅನ್ನಲಿಲ್ಲ. ಅಜ್ಜಿಯೇ ಅಂದು ಸಂಜೆ ಜಗಲಿಯಲ್ಲಿ ಕೂತು ಹೇಳಿದರು: “ಕೊಟ್ಟಿದ್ದು ತಪ್ಪಲ್ಲ. ಒಂದು ಮಗೂಗೆ ಕೊಟ್ಟು ಇನ್ನೊಂದು ಬಾಯಿ ಬಿಟ್ಕೊಂಡು ನೋಡೋ ಹಾಗೆ ಮಾಡಿದ್ದು ನನ್ನ ತಪ್ಪು.” ಅಂದಿನಿಂದ ನಮ್ಮ ಮನೆಯಲ್ಲಿ ಹಲ್ಲಿಗೆ ದುಡ್ಡಿಲ್ಲ. ಯಾರ ಹಲ್ಲು ಬಿದ್ದರೂ ಅಂದು ಒಂದು ತಟ್ಟೆ ಹಾಲುಬಾಯಿ, ಮನೆಯವರೆಲ್ಲರಿಗೂ. ಹಲ್ಲು ಬಿದ್ದವರಿಗೆ ಮೊದಲ ತುಂಡು, ಅಷ್ಟೇ ಹೆಚ್ಚುಗಾರಿಕೆ.

ಇದನ್ನೆಲ್ಲ ಫೋನಿನಲ್ಲಿ ನೆನಪು ಮಾಡಿಕೊಟ್ಟೆ. “ಅಯ್ಯೋ, ಆ ದಾರ!” ಅಂದು ಅಳುವಿನ ನಡುವೆಯೇ ನಕ್ಕಳು. ಆಗ ನಾನು ಅವಳಿಗೆ ಇಷ್ಟು ವರ್ಷ ಹೇಳದೇ ಇದ್ದ ಮಾತೊಂದನ್ನು ಹೇಳಿದೆ. “ತಪ್ಪು ಅಜ್ಜಿಯದಲ್ಲ ಕಣೇ, ನನ್ನದು. ನಾನು ಮೂರು ದಿನ ನಿನಗೆ ತೋರಿಸಿ ತೋರಿಸಿ ಹಂಗಿಸಿದೆ. ಅಜ್ಜಿಗೆ ಅದು ಗೊತ್ತೇ ಇರಲಿಲ್ಲ.” ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಹಾಗಾದ್ರೆ ಈಗ ಏನು ಮಾಡ್ಲಿ, ಅದನ್ನ ಹೇಳು” ಅಂದಳು.

ನಾವು ಮಾಡಿದ್ದು ಇಷ್ಟು. ಹದಿನೆಂಟು ಡಾಲರು ಹೆಚ್ಚಿಗೆ ಇಡುವುದು ಬೇಡವೆಂದು ತೀರ್ಮಾನಿಸಿದೆವು. ಈ ಸಲ ಇಟ್ಟರೆ ನಾಳೆ ಇನ್ನೊಬ್ಬ ಹುಡುಗ ಮೂವತ್ತು ಎನ್ನುತ್ತಾನೆ. ಅದರ ಬದಲು ಕಿನ್ನರಿಯಿಂದ ಒಂದು ಕಾಗದ. ಗುಟ್ಟು ಗೊತ್ತಿರುವ ದೊಡ್ಡ ಮಗಳೇ ಕೂತು, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಳು. ನಿನ್ನ ಹಲ್ಲು ಬಹಳ ಚೆನ್ನಾಗಿತ್ತು, ನಾನು ಹಲ್ಲನ್ನು ಕೊಂಡುಕೊಳ್ಳುವವಳಲ್ಲ, ನೀನು ದೊಡ್ಡವನಾಗುತ್ತಿದ್ದೀಯೆಂದು ಸಂತೋಷಕ್ಕೆ ಇಡುವ ಕಾಣಿಕೆ ಇದು, ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ, ನಿಮ್ಮ ಮನೆಯಲ್ಲಿ ನಿನ್ನ ಅಕ್ಕನಿಗೂ ಇಷ್ಟೇ ಕೊಟ್ಟಿದ್ದೆ ಎಂದು. ಬೆಳಿಗ್ಗೆ ಅದನ್ನು ಓದಿದ ಹುಡುಗ ಓಡಿ ಹೋಗಿ ಅಕ್ಕನನ್ನು ಕೇಳಿದನಂತೆ: “ನಿಂಗೂ ಎರಡೇನಾ?” ಅವಳು “ಹೂಂ, ಎರಡೇ” ಅಂದಳಂತೆ. ಅಷ್ಟೇ ಸಾಕಾಯಿತು. ಆ ದಿನ ಎರಡು ದೋಸೆ ಹೆಚ್ಚಿಗೆ ತಿಂದನಂತೆ.

ನಮ್ಮೂರುಗಳಲ್ಲೂ ಈಗ ಇಂಗ್ಲಿಷ್ ಶಾಲೆಯ ಪುಸ್ತಕಗಳಿಂದ, ಟೀವಿಯಿಂದ ಮಕ್ಕಳು ಈ ಕಿನ್ನರಿಯ ಹೆಸರು ಕಲಿತು ಬರುತ್ತಾರೆ. ದಿಂಬಿನಡಿ ಹಲ್ಲಿಟ್ಟು ಕಾಯುವ ಮಗು ನಿಮ್ಮ ಮನೆಯಲ್ಲೂ ಇರಬಹುದು. ಹಾಗಿದ್ದರೆ ನನ್ನ ಅನುಭವದ ನಾಲ್ಕು ಮಾತು:

ಒಂದು, ಏನು ಕೊಡುವುದಾದರೂ ಮೊದಲ ಹಲ್ಲಿಗೇ ಯೋಚಿಸಿ ಕೊಡಿ. ಇಪ್ಪತ್ತನೆಯ ಹಲ್ಲಿನವರೆಗೂ, ಆಮೇಲೆ ಹುಟ್ಟಿದ ಮಗುವಿಗೂ ನಡೆಸಿಕೊಂಡು ಹೋಗುವಂತಿರಬೇಕು. ಐದು ರೂಪಾಯಿಯ ಹೊಳೆಯುವ ಹೊಸ ನಾಣ್ಯ ಸಾಕು. ಹೊಸ ಹಲ್ಲುಜ್ಜುವ ಬ್ರಷ್ ಅಥವಾ ಪುಟ್ಟ ಕಥೆಪುಸ್ತಕವಾದರೆ ಇನ್ನೂ ಒಳ್ಳೆಯದು.

ಎರಡು, ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಅದರ ಕೈ ಖಾಲಿ ಬಿಡಬೇಡಿ.

ಮೂರು, ಹೆಚ್ಚು ಕೊಡುವ ಶಕ್ತಿ ನಿಮಗಿದ್ದರೆ ಸಂತೋಷ. ಅದನ್ನು ಶಾಲೆಯಲ್ಲಿ ಹೇಳಿಕೊಂಡು ಬರಬೇಡವೆಂದು ಮಗುವಿಗೆ ತಿಳಿಸಿ. ಆ ಇಪ್ಪತ್ತು ಡಾಲರಿನ ಹುಡುಗನೂ ನನ್ನ ಹಾಗೆಯೇ, ಏನೂ ತಿಳಿಯದ ಮಗು.

ನಾಲ್ಕು, ಹಲ್ಲಿನ ಬಗ್ಗೆಯೇ. ಹಾಲುಹಲ್ಲು ಸಾಮಾನ್ಯವಾಗಿ ಆರು ವರ್ಷದ ಆಸುಪಾಸಿನಲ್ಲಿ ಬೀಳಲು ಶುರುವಾಗಿ ಹನ್ನೆರಡರ ಹೊತ್ತಿಗೆ ಮುಗಿಯುತ್ತದೆ. ಸುಮಾರು ಆರನೆಯ ವರ್ಷಕ್ಕೇ ಎಲ್ಲಕ್ಕಿಂತ ಹಿಂದೆ ಒಂದೊಂದು ದವಡೆಹಲ್ಲು ಹೊಸದಾಗಿ ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದು ತಿಳಿದು ಅಲಕ್ಷ್ಯ ಮಾಡುತ್ತೇವೆ. ಅದು ಶಾಶ್ವತ ಹಲ್ಲು, ಹುಳುಕಾದರೆ ಮತ್ತೆ ಬರುವುದಿಲ್ಲ. ಮಕ್ಕಳು ಆಟದಲ್ಲಿ ಬಿದ್ದು ಶಾಶ್ವತ ಹಲ್ಲೇ ಕಿತ್ತುಬಂದರೆ ಬೇರಿನ ಭಾಗ ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿಕೊಂಡು ತಡಮಾಡದೆ ದಂತವೈದ್ಯರಲ್ಲಿಗೆ ಹೋಗಿ. ಒಂದು ಗಂಟೆಯೊಳಗೆ ಹೋದರೆ ಅದನ್ನು ಮತ್ತೆ ಕೂರಿಸುವ ಸಾಧ್ಯತೆ ಹೆಚ್ಚು. ಹಾಲುಹಲ್ಲನ್ನು ಮಾತ್ರ ಹಾಗೆ ಮತ್ತೆ ಕೂರಿಸುವುದಿಲ್ಲ. ಇನ್ನು ದಾರ, ಚಿಲಕಗಳ ಸುದ್ದಿ ಬೇಡವೇ ಬೇಡ!

ಕೊನೆಗೆ ನಮ್ಮ ಅಜ್ಜಿಯ ಹಾಲುಬಾಯಿ. ಹಲ್ಲಿಲ್ಲದ ಬಾಯಿಗೂ ಹಿತ. ಒಂದು ಲೋಟ ಅಕ್ಕಿಯನ್ನು ಮೂರು ಗಂಟೆ ನೆನೆಸಿ, ಒಂದು ಲೋಟ ತೆಂಗಿನತುರಿ, ನಾಲ್ಕು ಏಲಕ್ಕಿ ಸೇರಿಸಿ ಗಂಧದಂತೆ ನುಣ್ಣಗೆ ರುಬ್ಬಿ. ದಪ್ಪ ತಳದ ಪಾತ್ರೆಯಲ್ಲಿ ಒಂದು ಲೋಟ ನೀರಿಗೆ ಒಂದೂವರೆ ಲೋಟ ಬೆಲ್ಲದ ಪುಡಿ ಹಾಕಿ ಕರಗಿಸಿ ಸೋಸಿಕೊಳ್ಳಿ. ರುಬ್ಬಿದ ಹಿಟ್ಟಿಗೆ ಎರಡು ಲೋಟ ನೀರು, ಚಿಟಿಕೆ ಉಪ್ಪು ಬೆರೆಸಿ ಬೆಲ್ಲದ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ನಡುನಡುವೆ ಮೂರು ಚಮಚ ತುಪ್ಪ ಹಾಕುತ್ತಾ ಬನ್ನಿ. ಗಟ್ಟಿಯಾಗಿ ತಳ ಬಿಡತೊಡಗಿದಾಗ ತುಪ್ಪ ಸವರಿದ ತಟ್ಟೆಗೆ ಹರಡಿ, ಆರಿದ ಮೇಲೆ ಕತ್ತರಿಸಿ. ತಿಂದ ಮೇಲೆ ಮಕ್ಕಳಿಂದ ಬಾಯಿ ಮುಕ್ಕಳಿಸಿ, ಬೆಲ್ಲ ಹಲ್ಲಿಗೆ ಅಂಟುತ್ತದೆ.

ಮೊನ್ನೆ ತಂಗಿ ಮತ್ತೆ ಫೋನು ಮಾಡಿದ್ದಳು. ಪುಟ್ಟನ ಇನ್ನೊಂದು ಹಲ್ಲು ಅಲ್ಲಾಡುತ್ತಿದೆಯಂತೆ. ಅದನ್ನು ಕಿನ್ನರಿಗೆ ಕೊಡುವುದಿಲ್ಲ, ಡಬ್ಬಿಯಲ್ಲಿಟ್ಟುಕೊಂಡು ಬೇಸಿಗೆಯಲ್ಲಿ ಬಂದು ದೊಡ್ಡಮ್ಮನ ಹಂಚಿನ ಮೇಲೆ ಎಸೆಯುತ್ತೇನೆ ಎನ್ನುತ್ತಿದ್ದಾನಂತೆ. ನಮ್ಮದು ಈಗ ತಾರಸಿ ಮನೆ, ಹಂಚೆಲ್ಲಿಂದ ತರಲಿ? ಹಪ್ಪಳ ಒಣಹಾಕಿದ ಸೀರೆಯ ಮೇಲೆ ಬೀಳದಿದ್ದರೆ ಸಾಕು!

ನಿಮ್ಮ ಮನೆಗಳಲ್ಲಿ ಬಿದ್ದ ಹಲ್ಲನ್ನು ಏನು ಮಾಡುತ್ತಿದ್ದರು, ಮಕ್ಕಳಿಗೆ ಏನು ಕೊಡುತ್ತಿದ್ದರು? ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ.