ಬೆನ್ನು ನೆಟ್ಟಗಿರಲಿ

ಶ್ರಾವಣದ ಪುರಾಣಕ್ಕೆಂದು ನಾಲತವಾಡಕ್ಕೆ ಹೋಗಿದ್ದಾಗ, ಎಪ್ಪತ್ತು ದಾಟಿದ ತಾಯಿಯೊಬ್ಬರು ನಮ್ಮೆದುರು ಕಣ್ಣೀರು ತಂದರು. ಮೊಣಕಾಲು ಮಡಚಲಾಗದೆ ಅವರು ಎರಡು ತಿಂಗಳಿಂದ ಲಿಂಗಪೂಜೆಗೆ ಕುಳಿತಿರಲಿಲ್ಲ. ಕುರ್ಚಿಯ ಮೇಲೆ ಪೂಜಿಸಿದರೆ ದೋಷವೆಂಬ ಅಂಜಿಕೆ! "ಕುರ್ಚಿ ಹಾಕಿಸಿಕೊಳ್ಳಿರಿ ಯವ್ವಾ, ಪಾದಗಳು ನೆಲಕ್ಕೆ ಊರಿರಲಿ, ಬೆನ್ನು ನೆಟ್ಟಗಿರಲಿ, ಅಷ್ಟು ಸಾಕು" ಎಂದೆವು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು ವೃದ್ಧರಿಗೂ ರೋಗಿಗಳಿಗೂ ಕುರ್ಚಿಯ ಆಸರೆಯಿಂದಲೇ ಆಸನಗಳನ್ನು ಕಲಿಸಿದವರು.

ನೆಲದ ಮೇಲೆ ಕುಳಿತವರೆಲ್ಲ ಸರಿಯಾಗಿಯೇ ಕುಳಿತಿರುತ್ತಾರೆಂದೂ ಅಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಡುವಾಗ ಅಂಗೈ ಕಣ್ಣಿನತ್ತ ಏರಬೇಕಲ್ಲದೆ ಕೊರಳು ಅಂಗೈಯತ್ತ ಕುಸಿಯಬಾರದು. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕೊರಳ ಸ್ನಾಯುಗಳು ಅದನ್ನು ಹಿಡಿದು ನಿಲ್ಲಿಸಲು ಹೆಚ್ಚು ಹೆಣಗಬೇಕಾಗುತ್ತದೆ. ಅದೇ ಪಡಸಾಲೆಯಲ್ಲಿ ಮೊಮ್ಮಗನು ಮೊಬೈಲಿನತ್ತ ಕೊರಳು ಬಗ್ಗಿಸಿ ಗಂಟೆಗಟ್ಟಲೆ ಕುಳಿತಿದ್ದ. ಈ ಮಾತನ್ನು ಅವನಿಗೂ ಕೇಳುವಂತೆಯೇ ಹೇಳಿದೆವು. ಹಗಲೆಲ್ಲ ಹೊಲದಲ್ಲಿ ಬಗ್ಗಿ ಕಳೆ ತೆಗೆದು ಬಂದು, ಸಂಜೆ ಮತ್ತೆ ಬಗ್ಗಿ ರೊಟ್ಟಿ ಬಡಿಯುವ ಸೊಸೆಗೆ ಮಾತ್ರ ಏನು ಹೇಳುವುದು? ನಡುನಡುವೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟು ಬಿಡುವನ್ನು ಮನೆಯವರೇ ಕೊಡಬೇಕು.

ಮರುದಿನ ಬೆಳಿಗ್ಗೆ ಆ ತಾಯಿ ವಿಭೂತಿ ಧರಿಸಿ ಕುರ್ಚಿಯ ಮೇಲೆ ಪೂಜೆಗೆ ಕುಳಿತಿದ್ದರು. ಕುರ್ಚಿ ಹಾಕಿದವನು ಮೊಮ್ಮಗನೇ ಅಂತೆ.