ಕಾಣದ ಆಸರೆ

ಪಾರ್ಶ್ವವಾಯುವಿನಿಂದ ಬಲಗೈ ದುರ್ಬಲವಾದ ಹಿರಿಯರೊಬ್ಬರು ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿರುತ್ತಾರೆ. ಮಗನು ಓಡಿಬಂದು, “ನಿಮಗೇಕಪ್ಪ ಈ ಕಷ್ಟ? ಬಿಡಿ, ನಾನು ಹಾಕುತ್ತೇನೆ” ಎಂದು ಕ್ಷಣಮಾತ್ರದಲ್ಲಿ ಕೆಲಸ ಮುಗಿಸಿಬಿಡುತ್ತಾನೆ. ಅವನ ಪ್ರೀತಿಯ ವಿಷಯದಲ್ಲಿ ಸಂದೇಹವಿಲ್ಲ. ಆದರೆ ತಂದೆಯ ಮನಸ್ಸಿಗೆ ಮುಟ್ಟಿದ ಮಾತು ಯಾವುದು? ‘ಇದು ಇನ್ನು ನಿಮ್ಮಿಂದಾಗದು’ ಎಂಬುದೇ ಅಲ್ಲವೆ?

ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸರು 1890ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಂತೆ ನಿರೂಪಿಸಿದರು: ಸಾಧನೆಯು ಅಂಶ, ಆಕಾಂಕ್ಷೆಯು ಛೇದ. ರೋಗವು ಆಕಾಂಕ್ಷೆಯನ್ನು ಒಂದು ಗುಂಡಿಯಷ್ಟಕ್ಕೆ ಇಳಿಸಿರುವಾಗ ಆ ಗುಂಡಿಯನ್ನೂ ನಾವೇ ಹಾಕಿಬಿಟ್ಟರೆ, ಅಂಶದ ಸ್ಥಾನದಲ್ಲಿ ಉಳಿಯುವುದು ಸೊನ್ನೆಯೇ. ಬಳಿಕ ಎಷ್ಟು ಹೊಗಳಿದರೂ ಆ ಸೊನ್ನೆ ತುಂಬದು.

ಹಾಗಾದರೆ ನೆರವೇ ಬೇಡವೆ? ನೆರವು ಬೇಕು, ಆದರೆ ಅದರ ರೀತಿ ಮುಖ್ಯ. ನಿಯಾಲ್ ಬೋಲ್ಗರ್ ಮತ್ತು ಅವರ ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ನ್ಯೂಯಾರ್ಕ್ ರಾಜ್ಯದ ವಕೀಲಿ ಪರೀಕ್ಷೆಗೆ ಸಿದ್ಧರಾಗುತ್ತಿದ್ದವರೂ ಅವರ ಸಂಗಾತಿಗಳೂ ಪ್ರತಿದಿನ ಬೇರೆಬೇರೆಯಾಗಿ ದಿನಚರಿ ಬರೆದರು. ನೆರವು ದೊರೆಯಿತೆಂದು ಪರೀಕ್ಷಾರ್ಥಿಯೇ ಬರೆದ ದಿನಗಳ ತರುವಾಯ ಅವರ ಮನಸ್ಸು ಕುಗ್ಗಿದ್ದುದೂ, ಸಂಗಾತಿಯು ನೆರವಾದರೂ ಪರೀಕ್ಷಾರ್ಥಿಗೆ ಅದು ಗೋಚರಿಸದಿದ್ದಾಗ ಮನಸ್ಸು ಹಗುರವಾಗಿದ್ದುದೂ ಕಂಡುಬಂದಿತು. ಎದ್ದು ಕಾಣುವ ಉಪಕಾರವು ‘ನಾನು ಅಸಮರ್ಥ’ ಎಂಬ ಭಾವವನ್ನು ಜೊತೆಗೇ ತರಬಹುದು.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅವರು ವೃದ್ಧರ ಆರೈಕೆಗೃಹವೊಂದರಲ್ಲಿ ಕೆಲವರಿಗೆ ಸಸಿಗಳನ್ನಿತ್ತು ಅವುಗಳ ಪೋಷಣೆಯ ಹೊಣೆಯನ್ನೂ, ದಿನಚರ್ಯೆಯಲ್ಲಿ ಆಯ್ಕೆಯ ಸ್ವಾತಂತ್ರ್ಯವನ್ನೂ ಅವರಿಗೇ ಬಿಟ್ಟರು. ಇತರರ ಸಸಿಗಳನ್ನು ಸಿಬ್ಬಂದಿಯೇ ನೋಡಿಕೊಂಡಿತು. ಕೆಲವೇ ವಾರಗಳಲ್ಲಿ ಮೊದಲಿನವರು ಹೆಚ್ಚು ಲವಲವಿಕೆಯಿಂದಿರುವುದು ವ್ಯಕ್ತವಾಯಿತು.

ಇಂತಹ ಒಂದೆರಡು ಪ್ರಯೋಗಗಳು ಎಲ್ಲ ಮನೆಗಳಿಗೂ ಕಟ್ಟಳೆಯಾಗಲಾರವು. ಬೀಳುವ ಭಯವಿರುವಲ್ಲಿ, ಔಷಧದ ವಿಷಯದಲ್ಲಿ, ರೋಗಿಯೇ ಕೈಚಾಚಿ ಕರೆದಾಗ ಸಂಕೋಚವಿಲ್ಲದೆ ನೆರವಾಗತಕ್ಕದ್ದು. ಉಳಿದಂತೆ, ದೊಡ್ಡ ಗುಂಡಿಗಳ ಸಡಿಲವಾದ ಅಂಗಿಯನ್ನು ಹೊಲಿಸಿ ಕೈಗೆಟಕುವಲ್ಲಿ ಇಡಬಹುದು. ದುರ್ಬಲವಾದ ಕೈಯನ್ನೇ ತೋಳಿಗೆ ಮೊದಲು ತೂರಿಸುವ ಕ್ರಮವನ್ನು ಅಭ್ಯಾಸ ಮಾಡಿಸಬಹುದು. ಸೋತ ಕೈ ಚೇತರಿಸಿಕೊಳ್ಳುವುದಕ್ಕೂ ಬಳಕೆ ಅವಶ್ಯಕವೆಂದು ವೈದ್ಯರು ಹೇಳುತ್ತಾರೆ.

ಇದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿದೀತು. ಕಾಫಿ ಆರೀತು. ಒಂದು ಗುಂಡಿ ಒಂದು ಕಾಜ ತಪ್ಪಿಯೂ ಹೋದೀತು. ಚಿಂತೆಯಿಲ್ಲ. ಆ ಹತ್ತು ನಿಮಿಷ ಕೈಕಟ್ಟಿ ಕಾಯುವುದು ಓಡಿಹೋಗಿ ನೆರವಾಗುವುದಕ್ಕಿಂತ ಕಠಿಣವಾದ ಸೇವೆಯೆಂದೇ ನನ್ನ ಅಭಿಪ್ರಾಯ.