ಹಾಡಿನ ಹಕ್ಕುಪತ್ರ ಯಾರ ಹೆಸರಲ್ಲಿದೆ?

ಸೋಲ್ ಗಾಯಕ ಸ್ಯಾಮ್ ಕುಕ್ ಅಂದ ಕೂಡಲೇ ನಮ್ಮ ಸಂಗಾತಿಗಳು 'ಎ ಚೇಂಜ್ ಈಸ್ ಗೊನ್ನಾ ಕಮ್' ಹಂಚಿಕೊಳ್ತಾರೆ. ಹಂಚಿಕೊಳ್ಳಲಿ. ಆದರೆ ಆಫೀಸಲ್ಲಿ ದಿನವಿಡೀ ಫೈಲು ನೋಡೋ ನನಗೆ ಆತ ಮಾಡಿಸಿಕೊಂಡ ಕಾಗದಪತ್ರಗಳೂ ಹೋರಾಟವೇ ಅನಿಸುತ್ತೆ.

1931ರಲ್ಲಿ ಬ್ಲೂಸ್ ನೆಲವಾದ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ಹುಟ್ಟಿ, ಚರ್ಚಿನ ಹಾಡುಗಳಿಂದ ಬೆಳೆದವನು. 1957ರಲ್ಲಿ ಆತನ 'ಯೂ ಸೆಂಡ್ ಮಿ' ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಆಗ ಎಷ್ಟೋ ಕಪ್ಪು ಗಾಯಕರಿಗೆ ಸಿಗ್ತಿದ್ದದ್ದು ಹಾಡಿದ ಕೂಲಿ ಮಾತ್ರ; ಹಾಡಿನ ಹಕ್ಕು, ಅದರಿಂದ ವರ್ಷಗಟ್ಟಲೆ ಬರೋ ದುಡ್ಡು ಕಂಪನಿಗೆ. ಕುಕ್ ಹಾಗೆ ಬಿಡಲಿಲ್ಲ. ಜೆ.ಡಬ್ಲ್ಯೂ. ಅಲೆಕ್ಸಾಂಡರ್ ಜೊತೆ ಸೇರಿ ಸ್ವಂತ ಹಾಡುಗಳ ಪ್ರಕಾಶನ ನಡೆಸಿದ. ಎಸ್‌ಎಆರ್ ಎಂಬ ರೆಕಾರ್ಡ್ ಕಂಪನಿ ಕಟ್ಟಿ ಬಾಬಿ ವೊಮ್ಯಾಕ್‌ನಂಥ ಕಪ್ಪು ಹುಡುಗರನ್ನು ಬೆಳೆಸಿದ.

ಹಾಗಂತ ದುಡ್ಡು ಬಂದರೆ ಅವಮಾನ ನಿಲ್ಲುತ್ತಾ? 1963ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನ ಹೋಟೆಲೊಂದು ಈ ಸ್ಟಾರ್‌ಗೇ ರೂಮು ಕೊಡಲಿಲ್ಲ. ಪ್ರಶ್ನಿಸಿದ್ದಕ್ಕೆ ಪೊಲೀಸರು ಹಿಡಿದರು. ಮರುವರ್ಷ ಆ ಹಾಡು ಬಂತು. ಅದೇ ಡಿಸೆಂಬರ್‌ನಲ್ಲಿ, 33ನೇ ವಯಸ್ಸಿಗೆ, ಗುಂಡೇಟಿಗೆ ಸತ್ತ.

ಹಾಡೂ ಬೇಕು, ಹಕ್ಕೂ ಬೇಕು. ನಮ್ಮ ತಮಟೆಯವರ, ಹೋರಾಟದ ಹಾಡುಗಾರರ ದನಿ ರೆಕಾರ್ಡ್ ಮಾಡಿಕೊಳ್ಳೋಕೆ ಯಾರಾದರೂ ಬಂದರೆ, ಸಹಿ ಹಾಕೋ ಮುಂಚೆ ಕಾಗದ ಪೂರ್ತಿ ಓದಿಸಿ ಕೇಳಿ. ಜೈ ಭೀಮ್.